ಮೂವತ್ತರ ಮೇಲಿನ ಗಂಟೆಗಳು

“ವಾರಕ್ಕೆ ಮೂವತ್ತು ಗಂಟೆ. ಅದರ ಮೇಲೆ ನೀನು ಎಷ್ಟು ದುಡಿದ್ರೂ ವಲಸೆ ಇಲಾಖೆಯವರು ಲೆಕ್ಕಕ್ಕೆ ತಗೊಳ್ಳಲ್ಲ,” ಎಂದಳು ಡಿವಿನಾ. ಶನಿವಾರ ಮಧ್ಯಾಹ್ನಗಳಲ್ಲಿ ವಿನ್ನಿಪೆಗ್‌ನ ಚರ್ಚೊಂದರ ನೆಲಮಾಳಿಗೆಯಲ್ಲಿ ಕೂತು, ಫಿಲಿಪೀನ್ಸಿನಿಂದ ಬಂದವರ ಕಾಗದಪತ್ರಗಳನ್ನು ಪುಕ್ಕಟೆ ನೋಡಿಕೊಡುವವಳು ಅವಳು. ಎದುರಿಗೆ ಕೂತ ಮಾರಿವಿಕ್ ಇನ್ನೂ ನಗುತ್ತಲೇ ಇದ್ದಳು. ಪಾಪ, ಈಕೆ ಏನೋ ತಪ್ಪು ತಿಳಿದುಕೊಂಡಿದ್ದಾಳೆ ಎಂದು ಅವಳಿಗೆ ಡಿವಿನಾಳ ಮೇಲೆಯೇ ಕನಿಕರ.

“ನಂದು ಎರಡು ಪಾರ್ಟ್ ಟೈಮ್ ಮೇಡಂ. ಬೆಳಗ್ಗೆ ಹೋಟೆಲು, ಸಂಜೆ ವೃದ್ಧಾಶ್ರಮ. ಎರಡೂ ಕಡೆ ಅಡುಗೆಯೋಳೇ ನಾನು, ಲೆಕ್ಕಕ್ಕೆ ಬಾರದ ಪಾತ್ರೆ ತೊಳೆಯೋ ಕೆಲಸ ಅಲ್ಲ.”

“ಎರಡನ್ನೂ ಕೂಡಿಸಬಹುದು. ಅದಕ್ಕೇನೂ ಅಡ್ಡಿಯಿಲ್ಲ.”

“ಮತ್ತೆ? ಒಂದೊಂದು ವಾರ ಐವತ್ತೈದು ಗಂಟೆ ಮಾಡಿದೀನಿ. ಹೋಟೆಲಿಗೆ ಜನ ಬರದ ವಾರ ಹತ್ತೇ ಸಿಕ್ಕಿರುತ್ತೆ. ಆ ವಾರದ ಹೆಚ್ಚು ಈ ವಾರದ ಕಮ್ಮಿಗೆ ಸರಿಹೋಗಲ್ವಾ?”

“ಹೋಗಲ್ಲ ತಂಗಿ. ಐವತ್ತೈದರ ವಾರಕ್ಕೂ ಮೂವತ್ತೇ, ಹತ್ತರ ವಾರಕ್ಕೆ ಹತ್ತೇ. ಒಂದು ವರ್ಷದ ಪೂರ್ತಿ ಕೆಲಸ ಅನ್ನಿಸಿಕೊಳ್ಳೋಕೆ ನಿನಗೆ ಇನ್ನೂ ಏಳೆಂಟು ತಿಂಗಳು ಬೇಕು. ಅಲ್ಲೀವರೆಗೆ ನಿನ್ನ ಕೆಲಸದ ಪರ್ಮಿಟ್ ಇದೆ, ಅದೇ ಪುಣ್ಯ.”

ಈ ತಿಂಗಳೇ ಕಾಯಂ ವಾಸಕ್ಕೆ ಅರ್ಜಿ ಹಾಕುವುದು, ತನ್ನೂರು ಇಲೊಯಿಲೊದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಮಗಳು ಲಿಗಾಯಳನ್ನು ಆದಷ್ಟು ಬೇಗ ಕರೆಸಿಕೊಳ್ಳುವುದು ಎಂದು ಮಾರಿವಿಕ್ ಕನಸು ಕಟ್ಟಿಕೊಂಡಿದ್ದಳು. ಅವಳಿಗೆ ಈಗ ಒಂಬತ್ತು ವರ್ಷ. ಅವಳ ತಲೆಯನ್ನು ಎದೆಗೊತ್ತಿಕೊಂಡು ತೆಂಗಿನೆಣ್ಣೆ, ಬೆವರು ಬೆರೆತ ಆ ವಾಸನೆಯನ್ನು ಮೂಸಿ ಮೂರು ವರ್ಷವಾಗಿತ್ತು. ಒಮ್ಮೊಮ್ಮೆ ಬಸ್ಸಿನಲ್ಲಿ ಯಾರದೋ ಮಗು ಪಕ್ಕಕ್ಕೆ ಬಂದು ಕೂತರೆ ಮಾರಿವಿಕ್ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು. ಇನ್ನೊಂದು ಚಳಿಗಾಲವನ್ನು ಹೀಗೆಯೇ ಕಳೆಯಬೇಕೆಂದರೆ ಹೇಗೆ?

ವೃದ್ಧಾಶ್ರಮದ ಅಡುಗೆಮನೆಯಲ್ಲಿದ್ದ ಫಿಲಿಪೀನ್ಸಿನ ಹೆಂಗಸರಲ್ಲಿ ಒಂದು ರೂಢಿಯಿತ್ತು. ಯಾರಿಗೆ ಕಾಯಂ ವಾಸ ಸಿಗುವುದು ಬಾಕಿಯೋ ಅವಳಿಗೆ ಹಬ್ಬಕ್ಕೂ ಹುಟ್ಟುಹಬ್ಬಕ್ಕೂ ಸ್ವೆಟರು, ಚಾಕಲೇಟು ಕೊಡುತ್ತಿರಲಿಲ್ಲ. ತಮ್ಮ ಪಾಳಿಯನ್ನೇ ಕೊಟ್ಟುಬಿಡುತ್ತಿದ್ದರು. ಗಂಟೆ ಬೇಗ ಬೇಗ ತುಂಬಲಿ ಎಂಬ ಆಸೆ. ಎಲ್ಲರಿಗಿಂತ ಹಿರಿಯಳಾದ ನೆನಿತಾ ತನ್ನ ಶನಿವಾರ ಸಂಜೆಗಳನ್ನೆಲ್ಲ ಮಾರಿವಿಕ್‌ಗೆ ಧಾರೆಯೆರೆದಿದ್ದಳು. ಸೆಪ್ಟೆಂಬರಿನಲ್ಲೇ ಕ್ರಿಸ್‌ಮಸ್ ಹಾಡು ಶುರು ಮಾಡುವ ಜನ. ಉಡುಗೊರೆಯೂ ಆಗಲೇ ಶುರುವಾಗಿತ್ತು. ಇಲ್ಲಿನ ಶನಿವಾರ ಸಂಜೆಯೆಂದರೆ ಅಲ್ಲಿ ಭಾನುವಾರ ಬೆಳಗ್ಗೆ. ತಾಯಿ ಮಗಳು ಮನಸಾರೆ ಮಾತಾಡಲು ಇದ್ದದ್ದು ಅದೊಂದೇ ಹೊತ್ತು; ಉಳಿದ ದಿನ ಒಬ್ಬರು ಏಳುವಾಗ ಇನ್ನೊಬ್ಬರು ಮಲಗುತ್ತಿದ್ದರು. ಗಂಟೆ ತುಂಬಿದರೆ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎಂದು ಹೇಳಿ, ಮಗಳಿಗಾಗಿಯೇ ಮಾರಿವಿಕ್ ಮಗಳ ಜೊತೆಗಿನ ಮಾತನ್ನು ಬಿಟ್ಟಿದ್ದಳು. ಈಗ ನೋಡಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಸಂಜೆ ಪಾಳಿಗೆ ಹೋದಾಗ ನೆನಿತಾ ಹಗಲಿನ ಕೆಲಸ ಮುಗಿಸಿ, ಏಪ್ರನ್ ಬಿಚ್ಚಿ, ದಪ್ಪ ಕೋಟಿನೊಳಗೆ ತೂರಿಕೊಳ್ಳುತ್ತಿದ್ದಳು.

“ಏನೇ, ಮುಗೀತಾ ನಿನ್ನ ಗಂಟೆ? ಪಾರ್ಟಿ ಯಾವತ್ತು? ಇಡೀ ಹಂದಿ ಸುಡಿಸದೆ ಇದ್ರೆ ನಾನು ಬರೋಳಲ್ಲ, ಈಗಲೇ ಹೇಳಿರ್ತೀನಿ.”

ಮುಗೀತು ಎಂದುಬಿಡೋಣ ಅನ್ನಿಸಿತು ಮಾರಿವಿಕ್‌ಗೆ. ಬಾಯಿ ಕೇಳಲಿಲ್ಲ. ಡಿವಿನಾ ಹೇಳಿದ್ದೆಲ್ಲವನ್ನೂ ನಿಂತಲ್ಲೇ ಹೇಳಿದಳು. ನೆನಿತಾ ಕೋಟಿನ ಒಂದು ತೋಳಿನೊಳಗೆ ಕೈ ತೂರಿಸಿ ಹಾಗೆಯೇ ಕೇಳಿಸಿಕೊಂಡಳು.

“ಹಂಗಾದ್ರೆ ನಾನು ಕೊಟ್ಟ ಶನಿವಾರಗಳೆಲ್ಲ ಎಲ್ಲಿ ಹೋದ್ವೇ?”

“ಇಲ್ಲಿನ ಅಜ್ಜ ಅಜ್ಜಿಯರು ಉಂಡು ತೇಗಿದ್ರು, ಅಕ್ಕಾ.”

ನೆನಿತಾಗೆ ಮೊದಲು ನಗು ಬಂತು. ಆಮೇಲೆ ಇಬ್ಬರೂ ನಕ್ಕರು, ಬಟಾಣಿ ಸೂಪಿನ ಹಂಡೆಯ ಪಕ್ಕ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ಮಾರಿವಿಕ್‌ಗೆ ಅಳು ಬಂತು. ನೆನಿತಾ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, “ನಾವೂ ಎಂಥ ದಡ್ಡಿಯರೇ! ಒಬ್ಬಳಾದ್ರೂ ಯಾರನ್ನಾದ್ರೂ ಕೇಳಿದ್ವಾ?” ಎಂದಳು. ಆಮೇಲೆ ಕೋಟನ್ನು ಕಳಚಿ ಮೊಳೆಗೆ ಸಿಕ್ಕಿಸಿ, ಏಪ್ರನ್ನನ್ನು ಮತ್ತೆ ಕಟ್ಟಿಕೊಂಡಳು.

“ಈ ವಾರ ನಿಂದು ಮೂವತ್ತು ಆಗಿದೆ ತಾನೇ? ನನ್ನ ಶನಿವಾರ ನನಗೆ ವಾಪಸ್ ಕೊಡು. ಹೋಗು, ಮಗು ಎದ್ದಿರುತ್ತೆ.”

“ಬೆಳಗ್ಗೆಯಿಂದ ನಿಂತಿದೀಯ ಅಕ್ಕಾ…”

“ಹೋಗೇ ಅಂದ್ರೆ!”

ಬಸ್ ನಿಲ್ದಾಣದ ಕಂಬದ ಬುಡದಲ್ಲಿ ಹಿಮ ಕೊಳಕಾಗಿ ಗುಡ್ಡೆಬಿದ್ದಿತ್ತು. ಮಾರಿವಿಕ್ ಕೈಗವಸು ಕಿತ್ತು ನಂಬರು ಒತ್ತಿದಳು. ಎರಡನೇ ಸಲಕ್ಕೆ ಲಿಗಾಯ ಪರದೆಯ ಮೇಲೆ ಬಂದಳು. ಕೆದರಿದ ಕೂದಲು, ಕೆನ್ನೆಯ ಮೇಲೆ ಚಾಪೆಯ ಗುರುತು. ತಾಯಿಯನ್ನು ಕಂಡು ಅವಳ ಮುಖ ಅರಳಿತು. ಹಾಗೆಯೇ ಏನನ್ನೋ ನೆನೆದು ಸಣ್ಣದಾಯಿತು.

“ಅಮ್ಮಾ, ಇದು ನಿನ್ನ ಕೆಲಸದ ಹೊತ್ತಲ್ವಾ?”

“ಇವತ್ತು ಇಲ್ಲ ಪುಟ್ಟೀ. ಇನ್ಮೇಲೆ ನಿನ್ನ ಭಾನುವಾರಕ್ಕೆಲ್ಲ ನಾನಿರ್ತೀನಿ. ಎಷ್ಟು ಹೊತ್ತು ಬೇಕಾದ್ರೂ ಮಾತಾಡೋಣ. ಹೇಳು, ಏನು ತಿಂದೆ?”

ಲಿಗಾಯ ಅಜ್ಜಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದಳು. ಮಾರಿವಿಕ್‌ಗೆ ಕಂಡದ್ದು ಪುಟ್ಟ ತುಟಿಗಳು ಮಾತ್ರ.

“ಬೇಡಮ್ಮಾ, ನೀನು ಕೆಲಸಕ್ಕೆ ಹೋಗು. ಗಂಟೆ ಕಮ್ಮಿ ಆಗಿಬಿಡುತ್ತೆ,” ಎಂದು ತಾನೇ ಫೋನ್ ಇಟ್ಟುಬಿಟ್ಟಳು.