ಬೀರುವಿನಲ್ಲಿ ತಯಾರಾದ ಡೆಮೋ

"ಯಾರೋ ನಮ್ಮನ್ನ ಕದ್ದು ನೋಡ್ತಿದ್ದಾರೆ!" ಎಂದು ಡೈರೆಕ್ಟರ್ ಕಾಫಿ ಲೋಟ ಕುಕ್ಕಿದ.

ಹೆಂಡತಿ ಓಡಿಬಂದು ಕಿಟಕಿಯ ಪರದೆ ಎಳೆದಳು.

"ಅಲ್ಲಲ್ಲ ಕಣೇ, ವೆಬ್‌ಸೈಟಲ್ಲಿ!"

ಹೋದ ವಾರದವರೆಗೆ ಅವನ ಡೆಮೋ ವಿಡಿಯೋ ನೋಡಿದವರನ್ನೆಲ್ಲ ಒಂದು ಆಟೋದಲ್ಲಿ ಕೂರಿಸಬಹುದಿತ್ತು, ಡ್ರೈವರ್ ಸೀಟಿನಲ್ಲಿ ಅವನೇ. ಈ ವಾರ ಲೆಕ್ಕ ನೂರುಗಳಲ್ಲಿ ಏರುತ್ತಿತ್ತು. ಆದರೆ ಒಂದು ಫೋನಿಲ್ಲ, ಒಂದು ವಿಚಾರಣೆಯಿಲ್ಲ. ಕೊಳ್ಳದೆ ಇಷ್ಟು ಸಲ ನೋಡುವವನು ಯಾರು? ನಕಲು ಹೊಡೆಯುವವನೇ ಇರಬೇಕು. ಹಾಗಂದುಕೊಂಡಾಗ ಸಿಟ್ಟಿನ ಜೊತೆ ಕೊಂಚ ಹೆಮ್ಮೆಯೂ ಆಯಿತು. ಕದಿಯುವಷ್ಟು ಒಳ್ಳೆಯದನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಡೈರೆಕ್ಟರ್ ಎಂಬುದು ಹೆಂಡತಿ ಇಟ್ಟ ಅಡ್ಡಹೆಸರು. ಕಂಪನಿಯಲ್ಲಿ ಇದ್ದದ್ದು ಅವನೊಬ್ಬನೇ. ಯಾವ ಹುದ್ದೆ ಹಿಡಿದರೂ ತಕರಾರು ತೆಗೆಯುವವರಿರಲಿಲ್ಲ. ಲಾಂಡ್ರಿಗಳಿಗೆಂದು ಅವನೊಂದು ಸಾಫ್ಟ್‌ವೇರ್ ಬರೆದಿದ್ದ. ಯಾರ ಅಂಗಿ ಯಾವ ಗಂಟಿನಲ್ಲಿದೆ, ಒಗೆದಾಯಿತೇ, ಇಸ್ತ್ರಿ ಆಯಿತೇ, ಎಲ್ಲ ಕ್ಷಣದಲ್ಲಿ ಹೇಳುವಂಥದು. ಸಾಫ್ಟ್‌ವೇರ್ ನಿಜಕ್ಕೂ ಚೆನ್ನಾಗಿತ್ತು. ಹಾಳಾದದ್ದು ಡೆಮೋ.

ಸ್ಟುಡಿಯೋಗೆ ದುಡ್ಡಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವನು ಹಾಸಿಗೆಯನ್ನೇ ಎತ್ತಿ ಕಿಟಕಿಗೆ ಒರಗಿಸಿ ಬೀದಿಯ ಸದ್ದು ತಡೆದ. ಹೆಂಡತಿಯನ್ನು ಬೀರುವಿನೊಳಗೆ ಸೀರೆಗಳ ನಡುವೆ ಕೂರಿಸಿ ದನಿ ರೆಕಾರ್ಡ್ ಮಾಡಿದ. "ಈಗ ಹಸಿರು ಗುಂಡಿ ಒತ್ತಿ" ಅನ್ನುವಾಗಲೇ ಅವಳಿಗೆ ಸೀನು ಬಂತು. ಗಿರಾಕಿಯ ಪಾತ್ರ ಅತ್ತೆಯದು. "ನನ್ನ ನೀಲಿ ಸೀರೆ ಸಿದ್ಧವಾಗಿದೆಯೇ?" ಎಂದಷ್ಟೇ ಕೇಳಬೇಕಿತ್ತು. ಅವರು, "ಹೋದ್ಸಲ ಕೊಟ್ಟ ದಿಂಬಿನ ಕವರ್ ಏನ್ ಮಾಡಿದ್ರಿ? ನುಂಗಿಬಿಟ್ರಾ?" ಎಂದು ಸ್ವಂತದ್ದೂ ಸೇರಿಸಿದರು. ಅದನ್ನೆಲ್ಲ ಕತ್ತರಿಸುವುದು ಡೈರೆಕ್ಟರಿಗೆ ಬರಲಿಲ್ಲ. ಕೊನೆಗೆ ಇದ್ದುದರಲ್ಲೇ ಅಗ್ಗದ ವೆಬ್‌ಸೈಟ್ ಪ್ಲಾನ್ ಹಿಡಿದು, ಕರಾರು ಓದದೆ "ಒಪ್ಪಿದ್ದೇನೆ" ಒತ್ತಿದ. ನಾವು ನೀವೆಲ್ಲ ಒತ್ತುವ ಹಾಗೆಯೇ.

ಅವಸರಕ್ಕೆ ಕಾರಣ ಭಾವ, ಅಂದರೆ ಹೆಂಡತಿಯ ಅಣ್ಣ. ಝೆರಾಕ್ಸ್ ಅಂಗಡಿ ಇಟ್ಟವರು. "ನೋಡಪ್ಪಾ, ಈ ತಿಂಗಳು ಮುಗಿಯೋದ್ರೊಳಗೆ ಒಬ್ಬ ಗಿರಾಕಿನಾದ್ರೂ ಹಿಡಿ. ಇಲ್ಲಾಂದ್ರೆ ಕಂಪನಿಗೆ ಬೀಗ ಹಾಕಿ ನನ್ನ ಕೌಂಟರಿಗೆ ಬಾ" ಎಂದು ಎಲ್ಲರೆದುರು ಮಾತು ತೆಗೆದುಕೊಂಡಿದ್ದರು. ಈಗ ಉಳಿದದ್ದು ಒಂದೇ ಆಸೆ. ಊರ ತುಂಬ ಶಾಖೆಗಳಿರುವ ಲಾಂಡ್ರಿಯ ಮಾಲಕಿಯೊಬ್ಬರು, "ಶುಕ್ರವಾರ ನಿಮ್ಮ ಡೆಮೋ ನೋಡಿ ಹೇಳ್ತೀನಿ. ಹಿಡಿಸಿದ್ರೆ ಆಯ್ತು, ಇಲ್ಲಾಂದ್ರೆ ಮತ್ತೆ ಫೋನ್ ಮಾಡ್ಬೇಡಿ" ಎಂದಿದ್ದರು.

"ಆ ಕಳ್ಳನ್ನ ಹಿಡಿದೇ ಹಿಡೀತೀನಿ" ಎಂದ ಡೈರೆಕ್ಟರ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅತ್ತೆ ತಮ್ಮ ಮೊಬೈಲನ್ನು ಸೆರಗಿನಡಿ ಸರಿಸಿದರು.

"ಬಿಡಿ ಅಳಿಯಂದ್ರೇ, ನೋಡಿದ್ರೆ ಏನು ಸವೆದು ಹೋಗತ್ತಾ?"

ಸವೆದು ಹೋಯಿತು. ಶುಕ್ರವಾರ ಬೆಳಗ್ಗೆ ವೆಬ್‌ಸೈಟ್ ತೆರೆದರೆ ಡೆಮೋ ಮಾಯ. ಬಿಳಿ ಪುಟದ ಮೇಲೆ ಒಂದೇ ಸಾಲು: "ವೀಕ್ಷಕರ ಸಂಖ್ಯೆ ಮಿತಿ ಮೀರಿರುವುದರಿಂದ ಈ ವಿಡಿಯೋ ತಿಂಗಳ ಕೊನೆಯವರೆಗೆ ಲಭ್ಯವಿಲ್ಲ." ಅಗ್ಗದ ಪ್ಲಾನಿನ ಕರಾರೇ ಅದು. ದೊಡ್ಡ ಪ್ಲಾನಿಗೆ ಏರಲು ಕೈಯಲ್ಲಿ ಕಾಸಿಲ್ಲ.

"ಮುಗೀತು" ಎಂದು ಡೈರೆಕ್ಟರ್ ನೆಲದ ಮೇಲೇ ಕೂತ. "ಆ ಕಳ್ಳ ನನ್ನ ಮುಳುಗಿಸಿದ."

ಹೆಂಡತಿ ಮೆಲ್ಲಗೆ ಬಾಯಿಬಿಟ್ಟಳು. "ಕಳ್ಳ ಅಲ್ಲ ರೀ, ನಾನು. ದಿನಾ ಆ ಮೂರು ಮತ್ತೊಂದು ಲೆಕ್ಕ ನೋಡಿ ನೀವು ಮುಖ ಸಣ್ಣ ಮಾಡ್ಕೊಂಡು ಊಟಕ್ಕೆ ಬರ್ತಿದ್ರಿ. ನೋಡಕ್ಕಾಗ್ಲಿಲ್ಲ. ಬಸ್ಸಲ್ಲಿ ಹೋಗ್ತಾ ಬರ್ತಾ ಒತ್ತಿಬಿಡ್ತಿದ್ದೆ."

"ನಾನೂ ಒತ್ತಿದ್ದೀನಿ" ಎಂದರು ಅತ್ತೆ. "ನಂದು ಆ ದಿಂಬಿನ ಮಾತು ಬರತ್ತಲ್ಲ, ಅಲ್ಲೀವರೆಗೂ ನೋಡೋದು, ಮತ್ತೆ ಮೊದಲಿಂದ ಹಾಕೋದು."

ಫಲಿತಾಂಶ ಕೇಳಲು ಬಂದಿದ್ದ ಭಾವ ಗಂಟಲು ಸರಿಮಾಡಿಕೊಂಡರು. "ನಮ್ಮಂಗಡಿ ಕಂಪ್ಯೂಟರಲ್ಲೂ ಇಡೀ ದಿನ ಓಡ್ತಾನೇ ಇತ್ತು."

"ನೀವೂನಾ ಭಾವ? ನಾನು ಗೆಲ್ಲಲಿ ಅಂತಾನಾ?"

"ಗೆಲ್ಲಲಿ ಅಂತಲ್ಲಪ್ಪಾ, ನನ್ನ ಅಂಗಡಿಗೆ ಬರದೇ ಇರಲಿ ಅಂತ. ಹೋದ್ಸಲ ನೀನು ಬಂದಾಗ ಒಬ್ಬರ ಇಡೀ ಫೈಲನ್ನ ತಿರುವುಮುರುವು ಇಟ್ಟು ಖಾಲಿ ಬೆನ್ನನ್ನೇ ಝೆರಾಕ್ಸ್ ಮಾಡಿ ಕೊಟ್ಟಿದ್ದೆ, ಮರೆತ್ಯಾ?"

ಡೈರೆಕ್ಟರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು, ಅದರ ಬೆನ್ನಿಗೇ ನಗು. ಸುಳ್ಳೇಕೆ, ಆ ನೂರುಗಳಲ್ಲಿ ಅವನು ಒತ್ತಿದ್ದೂ ಸಾಕಷ್ಟಿತ್ತು. ಇಷ್ಟು ಪ್ರೀತಿಸುವ ಮನೆಯವರಿದ್ದರೆ ಶತ್ರುಗಳ ಅಗತ್ಯವೇ ಇಲ್ಲ ಎಂದುಕೊಂಡ. ನಾಳೆಯಿಂದ ಕಾಗದ ಯಾವ ಕಡೆ ಇಡಬೇಕೆಂದು ಭಾವನಿಂದ ಕಲಿಯುವುದು.

ಆಗಲೇ ಫೋನ್ ಬಂತು. ಲಾಂಡ್ರಿ ಮಾಲಕಿ. ಡೈರೆಕ್ಟರ್ ಸ್ಪೀಕರ್ ಒತ್ತಿದ.

"ಏನ್ರೀ ಇದು, ನಿಮ್ಮ ಡೆಮೋ ತೆರೀತಾನೇ ಇಲ್ಲ!"

"ಕ್ಷಮಿಸಿ ಮೇಡಂ, ತಪ್ಪಾಗಿದೆ. ನಿಜ ಹೇಳ್ಬಿಡ್ತೀನಿ. ಅದನ್ನ ಅಷ್ಟು ಸಲ ನೋಡಿದವರು ಯಾರಂದ್ರೆ—"

"ಯಾರಾದ್ರೇನು ಬಿಡ್ರೀ! ಮಿತಿ ಮೀರೋ ಅಷ್ಟು ಜನ ಮುಗಿಬಿದ್ದಿದ್ದಾರೆ ಅಂದ್ಮೇಲೆ ನಾನಿನ್ನೇನು ನೋಡೋದು? ಇಲ್ಲೀವರೆಗೆ ಬೇರೆ ಕಂಪನಿಗಳಿಗೆ ನಾನು ಬೇಡ ಅಂದಿದ್ದೆಲ್ಲಾ ಅವರ ಡೆಮೋ ನೋಡಿದ್ಮೇಲೇನೇ. ಸೋಮವಾರ ಬಂದು ಎಲ್ಲಾ ಅಂಗಡಿಗೂ ಹಾಕ್ಕೊಡಿ."