ಎಡಗಡೆಯ ಟೀವಿ

“ನಾನೂ ಅಂಗಡಿ ಇಟ್ಟವನೇ ಕಣಮ್ಮ. ಅದೇ ಬಟ್ಟೆಗೆ ಬೇರೆ ಗುಂಡಿ ಹಚ್ಚಿ ಹೆಚ್ಚಿಗೆ ಕೂಲಿ ಕೇಳಿದವನು. ಅದಕ್ಕೇ ಕೇಳ್ತೀನಿ, ನಿಜ ಹೇಳು. ಈ ದುಬಾರಿ ವೈರು ಹಾಕಿದ್ರೆ ಚಿತ್ರ ಇಷ್ಟು ಚೆನ್ನಾಗಿ ಬರುತ್ತಾ?”

ಟೈಲರ್ ಹೀಗೆ ಕೇಳಿದಾಗ ಸೇಲ್ಸ್ ಗರ್ಲ್ ಗೋಡೆಯ ಮೇಲಿನ ಎರಡು ಟೀವಿಗಳತ್ತ ನೋಡಿದಳು. ವಯಸ್ಸು ನಲವತ್ತು ದಾಟಿದ್ದರೂ ಅಂಗಡಿಯಲ್ಲಿ ಅವಳು ಸೇಲ್ಸ್ ಗರ್ಲೇ. ಎರಡೂ ಟೀವಿ ಒಂದೇ ಕಂಪನಿಯವು. ಎರಡರಲ್ಲೂ ಅದೇ ಗಿಳಿ, ಅದೇ ಕೊಂಬೆ. ಎಡಗಡೆ ಸಾದಾ ವೈರು. ಅಲ್ಲಿ ಗಿಳಿ ವಾರದಿಂದ ಜ್ವರ ಬಂದು ಮಲಗಿದ್ದಂತೆ ಕಾಣುತ್ತಿತ್ತು. ಬಲಗಡೆ ಚಿನ್ನದ ಲೇಪದ ವೈರು; ಅಲ್ಲಿ ಗಿಳಿಯನ್ನು ಮುಟ್ಟಿದರೆ ಕೈಗೆ ಹಸಿರು ಹತ್ತಬೇಕು, ಅಷ್ಟು ಕಳೆ. ಎಡಗಡೆಯ ಗಿಳಿಗೆ ಜ್ವರ ಬರಿಸಿದವಳು ಅವಳೇ. ದಿನಾ ಬೆಳಿಗ್ಗೆ ಷಟರ್ ಎತ್ತಿ, ಕಸ ಗುಡಿಸಿ, ರಿಮೋಟ್ ಹಿಡಿದು ಆ ಟೀವಿಯ ಬಣ್ಣ, ಬೆಳಕು ಎರಡನ್ನೂ ಇಳಿಸುವುದು ಕೆಲಸದಲ್ಲೇ ಸೇರಿತ್ತು. ಅಂಗಡಿಯ ಯಜಮಾನರು ಮೊದಲ ದಿನವೇ ಕಲಿಸಿಕೊಟ್ಟಿದ್ದರು.

“ನನಗೋಸ್ಕರ ಅಲ್ಲಮ್ಮ, ಇವಳಿಗೆ,” ಎಂದು ಟೈಲರ್ ಹೆಂಡತಿಯತ್ತ ಕೈ ತೋರಿಸಿದ. ಆಕೆ ಕೌಂಟರಿನ ಎದುರು ಸ್ಟೂಲಿನ ಮೇಲೆ, ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ಜ್ವರದಲ್ಲಿ ಕಿವಿ ಹೋಗಿ ಆರು ವರ್ಷ ಆಯ್ತು. ಎದುರಿಗಿರೋರ ತುಟಿ ನೋಡಿ ಮಾತು ತಿಳ್ಕೋತಾಳೆ. ಚಿಕ್ಕ ಟೀವಿ ಇದ್ದಾಗ ವಾರ್ತೆ ಓದೋರ ತುಟಿ ನೋಡ್ಕೊಂಡು ನನ್ನ ಜೊತೆ ಜಗಳಕ್ಕೇ ಬರೋಳು. ಇನ್ನೂ ಚೆನ್ನಾಗಿ ಕಾಣ್ಲಿ ಅಂತ ದೊಡ್ಡದು ತಂದೆ ನೋಡು, ಮುಖವೆಲ್ಲ ಕಲಸಿ ಹೋಯ್ತು. ಈಗ ಟೀವಿ ಹಾಕಿದ್ರೆ ಎದ್ದು ಅಡುಗೆಮನೆಗೆ ಹೋಗ್ತಾಳೆ. ಒಬ್ಬನೇ ಕೂತು ನಾನೇನು ನೋಡ್ಲಿ?”

“ಕೇಬಲ್ ಬಾಕ್ಸಿಂದ ಟೀವಿಗೆ ಯಾವ ವೈರು ಹಾಕಿದೀರಾ, ಅಣ್ಣ?”

“ಹಳೇದೇ. ಕೆಂಪು, ಬಿಳಿ, ಹಳದಿ, ಮೂರು ತುದಿ ಇರೋದು.”

ರೋಗ ಅಲ್ಲೇ ತಿಳಿಯಿತು. ಆ ಕಾಲದ ವೈರು ಈ ಕಾಲದ ದೊಡ್ಡ ಪರದೆಗೆ ಸಾಲದು. ಹೊಸ ಥರದ್ದು ಯಾವುದನ್ನು ಚುಚ್ಚಿದರೂ ತುಟಿ ತುಟಿಯಾಗಿ ಕಾಣುತ್ತದೆ. ಮೂಲೆಯ ಬುಟ್ಟಿಯಲ್ಲಿ ರಾಶಿ ಬಿದ್ದಿರುವ ಸಾದಾದ್ದೇ ಸಾಕು, ಗಾಜಿನ ಕಪಾಟಿನ ಚಿನ್ನದ್ದು ಏನೂ ಬೇಕಿಲ್ಲ. ಅದನ್ನೇ ಹೇಳಲು ಬಾಯಿ ತೆರೆದಳು.

“ಇಲ್ಲಿ ಬಾಮ್ಮ ಸ್ವಲ್ಪ,” ಎಂದು ಯಜಮಾನರು ಕೌಂಟರಿನಿಂದ ಕರೆದರು.

ಯಜಮಾನರು ಕೆಟ್ಟ ಮನುಷ್ಯರೇನಲ್ಲ. ಎದುರಿಗೆ ಮೂರು ಮಹಡಿಯ ಹೊಸ ಅಂಗಡಿ ಎದ್ದ ಮೇಲೆ ಪಾಪ, ಅವರ ನಾಲಗೆಗೂ ನೆಮ್ಮದಿ ಇರಲಿಲ್ಲ. ಗೋಡೆಗೂ ಕಿವಿ ಇರುತ್ತದೆಂದು ಬಲವಾಗಿ ನಂಬಿದವರು. ಟೈಲರ್‌ಗೆ ಬೆನ್ನು ತಿರುಗಿಸಿ, ದನಿಯನ್ನು ಗಂಟಲಲ್ಲೇ ಇಟ್ಟುಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು.

“ಎಡಗಡೆದನ್ನ ನಾವೇ ಮಂಕು ಮಾಡಿದೀವಿ ಅಂತ ಬಾಯಿಬಿಟ್ಟೀಯ, ಜೋಕೆ! ಆಯಮ್ಮಂಗೆ ಕಿವಿನೂ ಕೇಳಲ್ಲ, ನಿನಗೇನು ಭಯ? ಗಂಡನ್ನ ಒಪ್ಪಿಸು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ.”

ಈ ಕೆಲಸ ಸಿಗುವ ಮುಂಚೆ ಏಳು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದವಳು ಅವಳು. ವಾಪಸು ಬಂದಳು, ಯಜಮಾನರೂ ಬೆನ್ನಿಗೇ ಬಂದು ನಿಂತರು.

“ತುಂಬಾ ವ್ಯತ್ಯಾಸ ಇದೆ, ಅಣ್ಣ. ನೀವೇ ಕಣ್ಣಾರೆ ನೋಡ್ತಿದೀರಲ್ಲ,” ಎಂದಳು.

ಟೈಲರ್ ಮುಖ ಮೊರದಗಲವಾಯಿತು. “ಹಾಗಾದ್ರೆ ಮತ್ತೆ ನನ್ನ ಪಕ್ಕ ಕೂತ್ಕೋತಾಳೆ ಅನ್ನು!” ಎಂದು ಆಗಲೇ ಜೇಬಿಗೆ ಕೈ ಹಾಕಿದ. ಆ ಸಂತೋಷವನ್ನು ನೋಡಿ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ವೈರಿನ ಪೆಟ್ಟಿಗೆ ತೋರಿಸುವ ನೆಪ ಮಾಡಿ, ಯಜಮಾನರಿಗೆ ಬೆನ್ನು ಹಾಕಿ, ಸ್ಟೂಲಿನ ಮುಂದೆ ಬಗ್ಗಿದಳು. ದನಿಯೇ ಇಲ್ಲದೆ ಬರೀ ತುಟಿ ಆಡಿಸಿದಳು: ಇದು ಬೇಡ, ಅಕ್ಕ. ಬುಟ್ಟಿಯಲ್ಲಿರೋದೇ ಸಾಕು. ಎಡಗಡೆ ಟೀವಿ ಮಂಕು ಮಾಡಿರೋಳು ನಾನೇ.

ಆಕೆ ಅವಳ ಕೆನ್ನೆಯನ್ನು ಒಮ್ಮೆ ಸವರಿದಳು. ಎದ್ದು ಹೋಗಿ, ಬುಟ್ಟಿಗೆ ಕೈ ಹಾಕಿ ಒಂದು ಸಾದಾ ವೈರು ಎತ್ತಿಕೊಂಡಳು.

“ಇದು ಸಾಕು ರೀ!”

ಕಿವಿ ಹೋದಂದಿನಿಂದ ಆಕೆಗೆ ತನ್ನ ದನಿಯ ಅಳತೆ ತಿಳಿಯದು. ಮಾತು ಬೀದಿಯವರೆಗೂ ಹೋಯಿತು. ಯಜಮಾನರ ಮುಖ ಕೆಂಪೇರಿತು.

“ಏನು ಹೇಳ್ದೆ ಇವರಿಗೆ?” ಎಂದು ಸೇಲ್ಸ್ ಗರ್ಲ್ ಕಡೆಗೆ ತಿರುಗಿದರು. ಅವಳು ತಲೆ ತಗ್ಗಿಸಿದಳು. ಕೆಲಸ ಹೋಯಿತೆಂದೇ ಲೆಕ್ಕ.

ಟೈಲರ್ ಹೆಂಡತಿ ಇಬ್ಬರ ನಡುವೆ ಬಂದು ನಿಂತಳು.

“ಅವಳನ್ನ ಯಾಕೆ ಗದರ್ತೀರಿ, ಯಜಮಾನ್ರೇ? ಹೇಳಿದ್ದು ನೀವು. ಅಲ್ಲಿ ಕೌಂಟರ್ ಹತ್ರ ನಿಂತ್ಕೊಂಡು, ನನ್ನ ಕಡೆ ಮುಖ ಮಾಡಿ. ವಾರ್ತೆ ಓದೋರೂ ನಿಮ್ಮಷ್ಟು ಬಿಡಿಸಿ ಹೇಳಿದ್ರೆ ನನಗೆ ಈ ವೈರೂ ಬೇಕಾಗ್ತಿರಲಿಲ್ಲ!”