ಮೂರು ಏಟು

"ಟೇಪು ಹಿಡಿಯೋದೆಲ್ಲ ಗೋಡೆ ಕೆಲಸಕ್ಕಮ್ಮಾ. ತಗಡಿಗೆ ಕಿವಿ ಸಾಕು," ಎನ್ನುತ್ತಾ ತಗಡಿನ ಮೇಸ್ತ್ರಿ ಏಣಿ ಹತ್ತಿದ. "ಒಲೆ ಎಲ್ಲಿಡ್ತೀರೋ, ಸರಿಯಾಗಿ ಅದರ ನೆತ್ತಿಗೆ ಕೆಳಗಿಂದ ಮೂರು ಏಟು ಬಡೀರಿ. ಸದ್ದು ಬಂದ ಕಡೆ ಕೊರೀತೀನಿ, ಹೊಗೆ ಪೈಪು ಏರಿಸ್ತೀನಿ. ಒಂದ್ಸಲ ಕೊರೆದ್ರೆ ಮುಗೀತು ಮತ್ತೆ. ಹೊಸ ತಗಡಿಗೆ ತೇಪೆ ಹಾಕೋನು ನಾನಲ್ಲ."

ಕಟ್ಟಿಗೆ ಒಲೆ ಎಲ್ಲಿ ಕೂರಬೇಕೆಂಬುದು ಅದಿನ್ನೂ ಅಂಗಡಿಯಲ್ಲಿದ್ದಾಗಲೇ ಹಿರಿಯ ಸೊಸೆಯ ಮನಸ್ಸಿನಲ್ಲಿ ತೀರ್ಮಾನವಾಗಿತ್ತು: ಹಜಾರದಲ್ಲಿ, ಸೋಫಾಕ್ಕೂ ಶೋಕೇಸಿಗೂ ನಡುವೆ, ಬಾಗಿಲು ತೆರೆದವರ ಕಣ್ಣಿಗೆ ಮೊದಲು ಬೀಳುವ ಹಾಗೆ. ಹಜಾರದಲ್ಲಿ ಮನೆಯವರು ಯಾರೂ ಕೂರುತ್ತಿರಲಿಲ್ಲ. ಅದು ನೆಂಟರಿಗೆ. ನೆಂಟರು ಚಳಿಗಾಲದಲ್ಲಿ ಬರುತ್ತಿರಲಿಲ್ಲ.

ಹಲಗೆ ಗೋಡೆಯ ಆಚೆ, ಹಿಂದಿನ ಕೋಣೆಯಲ್ಲಿ ಅತ್ತೆ ಮೂರು ಕಂಬಳಿಗಳ ಕೆಳಗೆ ಮಲಗಿದ್ದರು. ಜಾರಿಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷವಾಗಿತ್ತು. ಬೆಳಿಗ್ಗೆ ಅವರ ಬೆರಳುಗಳು ಚಳಿಗೆ ಮಡಚಿಕೊಂಡೇ ಇರುತ್ತಿದ್ದವು. ಕಿರಿಯ ಸೊಸೆ ಒಂದೊಂದಾಗಿ ಉಜ್ಜಿ ಬಿಡಿಸಿದ ಮೇಲೆಯೇ ಲೋಟ ಹಿಡಿಯುತ್ತಿದ್ದವು. ಅವಳು ಒಂದು ವಾರದಿಂದ ಒಂದು ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದಳು: "ಅಕ್ಕಾ, ಒಲೆ ಅತ್ತೆ ಕೋಣೇಲಿ ಇಡೋಣ್ವಾ?" ಅಕ್ಕನ ಎದುರು ನಿಂತಾಗಲೆಲ್ಲ ಅದು "ಅಕ್ಕಾ, ಟೀ ಮಾಡ್ಲಾ?" ಎಂದಾಗಿ ಹೊರಬರುತ್ತಿತ್ತು. ಆ ವಾರ ಮನೆಯಲ್ಲಿ ಟೀಪುಡಿ ಬೇಗ ಮುಗಿಯಿತು.

ಹಿರಿಯಳು ಜೇಡರಬಲೆ ತೆಗೆಯುವ ಉದ್ದ ಕೋಲು ಹಿಡಿದು ಕುರ್ಚಿ ಹತ್ತುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು.

"ನನ್ನ ತಂಗೀದು ಫೋನು. ಇದನ್ನ ಹಿಡ್ಕೊಂಡಿರು. ನಾನು ಬರೋ ತನಕ ಎಲ್ಲೂ ತಾಗಿಸ್ಬೇಡ, ಗೊತ್ತಾಯ್ತಾ?" ಎಂದು ಕೋಲನ್ನು ಕಿರಿಯಳ ಕೈಗೆ ಕೊಟ್ಟು ಅಂಗಳಕ್ಕಿಳಿದಳು. "ಹೂಂ ಕಣೇ, ಇವತ್ತೇ ಕೂರಿಸ್ತಿರೋದು! ಬಾಗಿಲಿಗೆ ನೇರ ಕಾಣತ್ತೆ…"

"ಬಡೀರಮ್ಮಾ!" ಮೇಸ್ತ್ರಿ ಮೇಲಿನಿಂದ ಕೂಗಿದ. "ಕೂತು ಕೂತು ಮಂಡಿ ಹಿಡ್ಕೊಂಡ್ಬಿಡ್ತು!"

ಢಣ್. ಢಣ್. ಢಣ್.

ಸದ್ದು ಬಂದದ್ದು ಹಿಂದಿನ ಕೋಣೆಯಿಂದ. ಅಲ್ಲಿ ತಗಡಿನ ಮಾಡು ಇಳಿದುಬಂದು ತಗ್ಗಾಗಿತ್ತು. ಮಲಗಿದಲ್ಲಿಂದಲೇ ಅತ್ತೆಯ ಊರುಗೋಲು ತಗಡಿಗೆ ಎಟುಕುತ್ತಿತ್ತು. ಯಾರನ್ನಾದರೂ ಕರೆಯಬೇಕಾದರೆ ಅವರು ಬಡಿಯುತ್ತಿದ್ದುದೇ ಹಾಗೆ. ಒಂದು ಏಟಾದರೆ ನೀರು ಬೇಕು. ಎರಡಾದರೆ ಮಗ್ಗುಲು ಬದಲಿಸಬೇಕು. ಈ ಎರಡು ವರ್ಷದಲ್ಲಿ ಅವರು ಮೂರನೆಯ ಏಟು ಬಡಿದದ್ದೇ ಇಲ್ಲ.

ಕಿರಿಯಳು ಕೋಲು ಹಿಡಿದೇ ಓಡಿದಳು. ತಲೆದಿಂಬಿನ ಪಕ್ಕ ಲೋಟದ ತುಂಬ ನೀರಿತ್ತು. ಅತ್ತೆ ಹೇಗೋ ಮಂಚದ ಅಂಚಿನವರೆಗೆ ಸರಿದು, ಪಕ್ಕದ ಖಾಲಿ ಜಾಗದ ಮೇಲಿನ ತಗಡಿಗೆ ಊರುಗೋಲು ಆನಿಸಿ ಹಿಡಿದಿದ್ದರು. ಕೋಲು ಜಾಗ ಬಿಟ್ಟು ಕದಲಿರಲಿಲ್ಲ.

"ಇಲ್ಲೇನಾ?" ಮೇಸ್ತ್ರಿಯ ದನಿ ಈಗ ನೇರ ತಲೆಯ ಮೇಲೆ. "ಕೆಳಗೆ ಅಡ್ಡಪಟ್ಟಿ ಏನೂ ಇಲ್ಲ ತಾನೇ? ಯಾರಾದ್ರೂ ಬಾಯಿ ಬಿಡ್ರಮ್ಮಾ!"

ಕಿರಿಯ ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ತಗಡನ್ನು ನೋಡಿದರು. ಅಂಗಳದಲ್ಲಿ ಅಕ್ಕ ಶೋಕೇಸಿನ ಬಣ್ಣ ವರ್ಣಿಸುತ್ತಿದ್ದಳು.

"ಇಲ್ಲೇ! ಅಡ್ಡ ಏನೂ ಇಲ್ಲ, ಕೊರೀರಿ!"

ಅಷ್ಟು ದೊಡ್ಡ ದನಿ ತನ್ನದೇ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅತ್ತೆ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡಾಗಿತ್ತು. ಮೇಲೆ ಕಟರ್ ಕಿರುಚತೊಡಗಿತು.

ಹಿರಿಯಳು ಫೋನನ್ನು ಕಿವಿಗಿಟ್ಟುಕೊಂಡೇ ಓಡಿಬರುವಾಗ ತಟ್ಟೆಯಗಲದ ತಗಡಿನ ಬಿಲ್ಲೆಯೊಂದು ನೆಲಕ್ಕೆ ಬಿದ್ದು ಗಿರ್ರೆಂದು ಸುತ್ತಿ ಮಲಗಿತು. ತೂತಿನಲ್ಲಿ ಮೇಸ್ತ್ರಿಯ ಮುಖ ಕಾಣಿಸಿತು.

"ಒಲೆ ತನ್ನಿ. ಮಾಡು ತಗ್ಗಾದ ಕಡೆ ಆಯ್ತಲ್ಲ, ಹೊರಗೆ ಪೈಪು ಉದ್ದ ಬಿಡ್ಬೇಕು. ಹೊಗೆ ಮಾಡಿನ ನೆತ್ತಿ ದಾಟಿ ಹೋಗ್ಬೇಕು ನೋಡಿ."

"ಇಲ್ಲಿ ಕೊರೆಯೋಕೆ ಯಾರ್ರೀ ಹೇಳಿದ್ದು ನಿಮಗೆ? ಮುಚ್ರೀ ಅದನ್ನ!"

"ಮೂರು ಏಟು ಬಿತ್ತು, ಕೊರೆದೆ. ಮುಚ್ಚಿದ್ರೆ ಮಳೆಗಾಲದಲ್ಲಿ ಬಕೆಟ್ ಇಡ್ಬೇಕಾಗತ್ತೆ. ಬಕೆಟ್ಟೋ ಒಲೆಯೋ, ನೀವೇ ಮಾತಾಡ್ಕೊಳ್ಳಿ," ಎಂದು ಮುಖ ಮಾಯವಾಯಿತು.

ಹಿರಿಯಳ ಕಣ್ಣು ಕಿರಿಯಳ ಕೈಯಲ್ಲಿದ್ದ ಕೋಲಿನ ಮೇಲೆ ಬಿತ್ತು. "ಓಹೋ. ನೀನಾ?"

"ಅಕ್ಕಾ…" ಎಂದಳು ಕಿರಿಯಳು. ಮುಂದಿನ ಮಾತು ಟೀ ಆಗುವ ಮೊದಲೇ ಅತ್ತೆ ಕಂಬಳಿ ಸರಿಸಿ, ಅದರ ಮೇಲೆ ಬಿದ್ದಿದ್ದ ತಗಡಿನ ಪುಡಿಯನ್ನು ನಿಧಾನವಾಗಿ ಕೊಡವಿದರು.

"ಅವಳನ್ನ ಯಾಕೆ ಗದರ್ತೀಯೇ? ಬಡಿದಿದ್ದು ನಾನು." ಆಮೇಲೆ ತೂತಿನ ಕಡೆ ನೋಡುತ್ತಾ, ಯಾರದೋ ಮೇಲೆ ದೂರು ಹೇಳುವವರ ಹಾಗೆ ಎಂದರು: "ನೀರು ಕೇಳ್ದೆ. ಆಕಾಶ ಕೊಟ್ರು."